ಉಪವಾಸದ ಮನೆಹೆಸರು

ಕೇಳುವುದಾದರೂ ಹೇಗೆ? ಬೇಡುವವನ ಹಾಗೆ ಕೇಳಬೇಕೋ, ತನ್ನದನ್ನು ವಾಪಸು ಕೇಳುವವನ ಹಾಗೆ ಕೇಳಬೇಕೋ? ಮೊದಲನೆಯದಕ್ಕೆ ನಾಲಿಗೆ ಏಳುವುದಿಲ್ಲ. ಎರಡನೆಯದಕ್ಕೆ ಧೈರ್ಯ ಸಾಲದು. ಅಥವಾ ಧೈರ್ಯದ ಮಾತೇ ಅಲ್ಲವೇನೋ. ಅದು ನಿಜಕ್ಕೂ ತನ್ನದು ಹೌದೋ ಅಲ್ಲವೋ ಎಂಬುದೇ ತನ್ನೊಳಗೆ ಇನ್ನೂ ತೀರ್ಮಾನವಾಗಿಲ್ಲವೇನೋ.

ಧಣಿಯ ಜಮೀನಾದ ಹೌಗ್ಲಾಂಡಿಗೆ ಏರುವ ದಾರಿಯಲ್ಲಿ ಅಸ್ಲಾಕ್ ಮತ್ತೆ ನಿಂತ. ಏದುಸಿರು ಬಂದು ನಿಂತದ್ದಲ್ಲ. ಚಳಿಗಾಲವೆಲ್ಲ ಕಾಡಿನಲ್ಲಿ ಮರ ಕಡಿದು, ವಸಂತದಲ್ಲಿ ಹೊಳೆಗುಂಟ ದಿಮ್ಮಿ ತೇಲಿಸುವವನಿಗೆ, ವಯಸ್ಸು ಐವತ್ತಾದರೂ, ಇದು ಏರೇ ಅಲ್ಲ. ಕಾಲು ತಡೆದದ್ದು ಸಿಟ್ಟಿಗೆ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಅವನು ಒಬ್ಬರನ್ನು ತೋರಿಸಲಾರ. ರಾಜಧಾನಿಯಲ್ಲಿ ಕುಳಿತು ಕಾನೂನು ಮಾಡಿದವರ ಮೇಲೆ. ಮಗಳ ಮೇಲೆ. ಅವನು ಹುಟ್ಟುವ ಮೊದಲೇ ಸತ್ತು ಮಣ್ಣಾಗಿದ್ದ ಒಬ್ಬ ಧಣಿಯ ಮೇಲೆ.

ಕಾನೂನು ಬಂದು ವರ್ಷ ಕಳೆದಿತ್ತು. ಇನ್ನು ಮೇಲೆ ಪ್ರತಿ ಮನೆಗೂ ಒಂದೇ ಹೆಸರು. ತಂದೆಯಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ, ಎಲ್ಲಿಗೆ ಹೋದರೂ ಬದಲಾಗದ ಹಾಗೆ. ಅಲ್ಲಿಯವರೆಗೆ ಕಣಿವೆಯಲ್ಲಿ ಮನುಷ್ಯ ಎಲ್ಲಿ ಮಲಗಿ ಎಲ್ಲಿ ಏಳುತ್ತಾನೋ ಆ ಜಾಗವೇ ಅವನ ಹೆಸರಾಗಿತ್ತು. ಬ್ರೆಕ್ಕೆ ಎಂಬ ಜಾಗದಲ್ಲಿ ಇದ್ದವನು ಬ್ರೆಕ್ಕೆ. ಅಲ್ಲಿಂದ ಹೊಳೆಯಾಚೆ ಸಂಸಾರ ಹೂಡಿದರೆ ಆಚೆಯ ಜಾಗದ ಹೆಸರು. ಅಸ್ಲಾಕನ ಒಡಹುಟ್ಟಿದ ತಮ್ಮ ಹೆಂಡತಿಯ ಮನೆಗೆ ಹೋಗಿ ಸೇರಿದ ದಿನದಿಂದ ಬೇರೆ ಹೆಸರಿನವನು, ಯಾರಿಗೂ ಅದರಲ್ಲಿ ವಿಚಿತ್ರ ಕಂಡಿರಲಿಲ್ಲ. ಈಗ ಶನಿವಾರ ಲೆನ್ಸ್‌ಮನ್, ಎಂದರೆ ಕಂದಾಯದಿಂದ ಕಳ್ಳತನದವರೆಗೆ ಸರಕಾರದ ಪರವಾಗಿ ಎಲ್ಲವನ್ನೂ ನೋಡಿಕೊಳ್ಳುವವನು, ಚರ್ಚಿನ ಪಕ್ಕದ ಸಭಾಮನೆಯಲ್ಲಿ ಕೂತು ಉಳಿದವರ ಹೆಸರು ಬರೆದುಕೊಳ್ಳಲಿದ್ದ. ದೊಡ್ಡ ಜಮೀನಿನ ಹೆಸರು ಬೇಕೆನ್ನುವವರು ಅದರ ಧಣಿಯನ್ನು ಒಮ್ಮೆ ಕೇಳಿಕೊಂಡು ಬನ್ನಿ, ಆಮೇಲೆ ನನ್ನ ಮುಂದೆ ಜಗಳ ಬೇಡ ಎಂದು ಅವನು ಮೊದಲೇ ಹೇಳಿ ಕಳಿಸಿದ್ದ.

ಅಸ್ಲಾಕ್ ಇರುವ ಜಾಗದ ಹೆಸರು ಸ್ವೆಲ್ಟಾ. ಅವರ ಮಾತಿನಲ್ಲಿ ಅದರ ಅರ್ಥ ಉಪವಾಸ. ವ್ರತದ ಉಪವಾಸವಲ್ಲ, ತಿನ್ನಲು ಇಲ್ಲದೆ ಬೀಳುವ ಉಪವಾಸ.

ಆ ಹೆಸರು ಹೇಗೆ ಬಂತೆಂದು ಕಣಿವೆಯ ಮಕ್ಕಳಿಗೂ ಗೊತ್ತು. ಅಸ್ಲಾಕನ ಅಜ್ಜ ತಾರ್ಯೈ ಹೌಗ್ಲಾಂಡಿನಲ್ಲಿ ಆಳಾಗಿದ್ದ. ಅಲ್ಲಿ ಮಲಗಿ ಏಳುತ್ತಿದ್ದರಿಂದ ಜನ ಅವನನ್ನು ತಾರ್ಯೈ ಹೌಗ್ಲಾಂಡ್ ಎಂದೇ ಕರೆಯುತ್ತಿದ್ದರು. ಮದುವೆಯಾಗಬೇಕೆಂದಾಗ ಆ ಕಾಲದ ಧಣಿ ಜಮೀನಿನ ಕೆಳ ಅಂಚಿನಲ್ಲಿ, ಜೌಗು ನೆಲದ ಪಕ್ಕದ ಕಲ್ಲುಗುಡ್ಡೆ ತೋರಿಸಿ, ಕಲ್ಲು ಕಿತ್ತು ಒಕ್ಕಲಾಗು, ಗಂಟೆ ಬಾರಿಸಿದಾಗ ಮಾತ್ರ ಕೆಲಸಕ್ಕೆ ಬಂದುಬಿಡು ಎಂದ. ಆ ದಿನ ಧಣಿಯ ಮನೆಯಲ್ಲಿ ನೆಂಟರಿದ್ದರು, ಬಿಯರ್ ಇತ್ತು. ಆ ಜಾಗಕ್ಕೆ ಏನೆನ್ನುತ್ತಾರೆ ಎಂದು ನೆಂಟನೊಬ್ಬ ಕೇಳಿದ. "ಸ್ವೆಲ್ಟಾ ಅನ್ನಿ. ಒಂದು ಚಳಿಗಾಲ ಕಳೀಲಿ, ಮನುಷ್ಯರು ಇರಲ್ಲ, ಹೆಸರು ಇರುತ್ತೆ" ಎಂದ ಧಣಿ. ನೆಂಟರು ನಕ್ಕರು. ಮೊದಲ ಮಗುವಿನ ದೀಕ್ಷಾಸ್ನಾನದ ದಿನ ಪಾದ್ರಿ ಎಲ್ಲಿಯವರು ಎಂದು ಕೇಳಿದಾಗ ತಾರ್ಯೈ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ಉತ್ತರ ಕೊಟ್ಟಿದ್ದರು. ಆ ಮಗು ಉಳಿಯಲಿಲ್ಲ. ಅದರ ನಂತರದ್ದೂ ಉಳಿಯಲಿಲ್ಲ. ಮೂರನೆಯದು ಅಸ್ಲಾಕನ ಅಪ್ಪ. ಮರದ ತೊಗಟೆಯ ಹಿಟ್ಟು ಬೆರೆಸಿದ ರೊಟ್ಟಿ ತಿಂದು ಬೆಳೆದವನು.

ಧಣಿಗಳ ಜಮೀನಿಗೆಲ್ಲ ಬೆಟ್ಟ, ಬಯಲು, ಹುಲ್ಲುಗಾವಲಿನ ಹೆಸರು. ಒಕ್ಕಲುಗಳ ಕಲ್ಲುಗುಡ್ಡೆಗೆ ಧಣಿಗಳ ಕುಡಿತದ ಹೊತ್ತಿನ ತಮಾಷೆ. ಜಾಗ ಬಿಟ್ಟರೆ ತಮಾಷೆಯೂ ಕಳಚಿ ಬೀಳುತ್ತದೆ ಎಂಬ ಒಂದು ಸಮಾಧಾನ ಇಷ್ಟು ದಿನ ಇತ್ತು. ಕಾನೂನು ಅದನ್ನೂ ಕಿತ್ತುಕೊಂಡಿತ್ತು.

ಹಿಂದಿನ ದಿನ ಊಟದ ಹೊತ್ತಿನಲ್ಲಿ ಮಗಳು ಓಸ್ನೆ ಇದೇ ಮಾತು ತೆಗೆದಿದ್ದಳು. ಹತ್ತೊಂಬತ್ತರ ಹುಡುಗಿ. ಮುಂದಿನ ತಿಂಗಳು ಶಿಕ್ಷಕಿಯರ ತರಬೇತಿ ಶಾಲೆಗೆ ಹೊರಟವಳು.

"ಅಪ್ಪ, ನಾಳೆ ನೀನು ಮೇಲಕ್ಕೆ ಹೋಗ್ಲೇಬೇಕು."

"ನೋಡೋಣ."

"ನೋಡೋದೇನು? ತಾರ್ಯೈ ಮುತ್ತಜ್ಜ ಹೌಗ್ಲಾಂಡ್ ಆಗಿದ್ದೋನೇ ತಾನೆ? ಅಲ್ಲಿಂದ ಇಳಿದು ಬಂದ ಅಂತ ಅದು ಅವನದ್ದಲ್ಲ ಅಂತ ಆಗುತ್ತಾ? ನಾವೇನು ಅವರ ದನ ಕೇಳ್ತಿದೀವಾ, ಹೊಲ ಕೇಳ್ತಿದೀವಾ?"

"ಬೇರೆ ಯಾವ್ದಾದ್ರೂ ಹೆಸರು ಬರೆಸಿದ್ರೆ ಆಗಲ್ವಾ?" ಎಂದು ಅವಳ ತಾಯಿ ಗುನ್ಹಿಲ್ಡ್ ಕೇಳಿದಳು. "ದರ್ಜಿಯವರು ಸೂಲ್ಬೆರ್ಗ್ ಅಂತ ಬರೆಸಿದ್ರಂತೆ. ಕೇಳೋಕೆ ಚೆನ್ನಾಗಿದೆ."

"ಆ ಜಾಗ ಎಲ್ಲಿದೆ?" ಎಂದ ಅಸ್ಲಾಕ್.

"ಎಲ್ಲೂ ಇಲ್ಲ. ಹಾಗೇ ಇಟ್ಕೊಂಡ್ರು."

"ಕಾಲಿಡದೇ ಇರೋ ಜಾಗದ ಹೆಸರು ಹೇಳ್ಕೊಂಡು ತಿರುಗೋದು ಸುಳ್ಳು ಹೇಳಿದ ಹಾಗೆ." ಕಣಿವೆಯ ಹಿರಿಯರು ಯಾರನ್ನು ಕೇಳಿದ್ದರೂ ಅದೇ ಹೇಳುತ್ತಿದ್ದರು. ಅವನ ಮನೆಯವರು ಕಾಲಿಟ್ಟ ಜಾಗಗಳು ಎರಡೇ. ಹೌಗ್ಲಾಂಡ್, ಸ್ವೆಲ್ಟಾ.

"ಹಾಗಾದ್ರೆ ಹೋಗಿ ಕೇಳು" ಎಂದಳು ಓಸ್ನೆ. "ನಾನು ಮೊದಲ್ನೇ ದಿನ ಕ್ಲಾಸಲ್ಲಿ ಬೋರ್ಡ್ ಮೇಲೆ ಏನಂತ ಬರೀಲಿ? ಮಿಸ್ ಉಪವಾಸ ಅಂತಾನಾ? 'ಉಪವಾಸ ಟೀಚರ್ ಬಂದ್ರು, ಬುತ್ತಿ ಮುಚ್ಚಿಡ್ರೋ' ಅಂತಾರೆ. ಗೊತ್ತು ನಂಗೆ. ಏಳು ವರ್ಷ ಕೇಳಿದೀನಿ. ಬುತ್ತಿ ಬಿಚ್ಚಿದ ಕೂಡ್ಲೆ, 'ಓಸ್ನೆ ಸ್ವೆಲ್ಟಾ, ಊಟ ಆಯ್ತಾ?' ಅಂತ ಇಡೀ ಶಾಲೆ ಕೂಗೋದು. ನಿನಗೆ ಹೇಳಿಲ್ಲ ಅಷ್ಟೆ."

ಅವಳು ಹೇಳಬೇಕಾಗಿರಲಿಲ್ಲ. ಅಸ್ಲಾಕನೂ ಅದೇ ಶಾಲೆಯಲ್ಲಿ ಅದೇ ಕೂಗು ಕೇಳಿದ್ದ. ಅವನೂ ತನ್ನ ಅಪ್ಪನಿಗೆ ಹೇಳಿರಲಿಲ್ಲ.

ಈಗ ಹೌಗ್ಲಾಂಡಿನ ಅಂಗಳ ಕಂಡಿತು. ಉಗ್ರಾಣದ ಮಾಡಿನ ಮೇಲೆ ಪುಟ್ಟ ಗೋಪುರ, ಅದರೊಳಗೆ ಊಟಕ್ಕೂ ಕೆಲಸಕ್ಕೂ ಕರೆಯುವ ಗಂಟೆ. ಅದು ಕೆಲಸಕ್ಕೆ ಬಾರಿಸಿದರೆ ಕೆಳಗೆ ಸ್ವೆಲ್ಟಾದಲ್ಲಿದ್ದವನ ಕೈಯಿಂದ ಗುದ್ದಲಿ ಜಾರಬೇಕು. ಹಾಗೆ ಮೂರು ತಲೆಮಾರು ಜಾರಿದೆ. ಮೊನ್ನೆಯಷ್ಟೆ, ಹುಲ್ಲು ಒಣಗಿ ನಿಂತಿದ್ದ ದಿನ, ಮೋಡ ಕಟ್ಟುತ್ತಿದ್ದ ಹೊತ್ತಿಗೆ ಗಂಟೆ ಬಾರಿಸಿತ್ತು. ಧಣಿಯ ಹುಲ್ಲು ಒಳಗೆ ಸೇರಿಸಿ ಬರುವಷ್ಟರಲ್ಲಿ ಅಸ್ಲಾಕನ ಹುಲ್ಲು ನೆಂದು ನೆಲಕ್ಕೆ ಅಂಟಿತ್ತು.

ಅವನು ಅಡುಗೆಮನೆಯ ಬಾಗಿಲು ಬಿಟ್ಟು ಮುಂಬಾಗಿಲಿಂದಲೇ ಒಳಗೆ ಹೋದ. ಅಷ್ಟು ಮಾತ್ರ ದಾರಿಯಲ್ಲಿ ತೀರ್ಮಾನ ಮಾಡಿಕೊಂಡಿದ್ದ.

ಹೌಗ್ಲಾಂಡಿನ ದೊಡ್ಡ ಕೋಣೆ ಹಳೆಯ ಕಾಲದ್ದು. ಬಾಗಿಲಿನಿಂದ ಸ್ವಲ್ಪ ಒಳಗೆ, ತಲೆಯ ಮೇಲೆ ಅಡ್ಡಲಾಗಿ, ಹೊಗೆಗೆ ಕಪ್ಪಾದ ತೊಲೆಯೊಂದಿದೆ. ಭಿಕ್ಷುಕರ ತೊಲೆ ಎನ್ನುತ್ತಾರೆ. ತಾನಾಗಿ ಬಂದವನು ಅದರ ಈಚೆ ನಿಲ್ಲಬೇಕು. ಮನೆಯವರು 'ಮುಂದೆ ಬಾ' ಎಂದ ಮೇಲೆ ದಾಟಬೇಕು. ಅದೇನೂ ದೊಡ್ಡ ಮರ್ಯಾದೆಯಲ್ಲ. ಕುದುರೆ ಮಾರಲು ಬಂದವನನ್ನು, ಗಡಿಯಾರ ರಿಪೇರಿಯವನನ್ನು ಎರಡು ಮಾತು ಆಡುವುದರೊಳಗೆ ಕರೆಯುತ್ತಾರೆ. ಕೊಯ್ಲಿನ ದಿನಗಳಲ್ಲಿ ಅಸ್ಲಾಕ್ ಆಳುಗಳ ಸಾಲಿನಲ್ಲಿ ಅದರಡಿ ಎಷ್ಟೋ ಸಲ ಹಾದುಹೋಗಿದ್ದಾನೆ. ಆಗ ಕರೆಯುವುದು ಗಂಟೆ. ಇವತ್ತು ಗಂಟೆ ಕರೆದಿರಲಿಲ್ಲ.

ಧಣಿ ಓಮುಂಡ್ ಮೇಜಿನ ತಲೆಯ ಕಡೆ ಕೂತು ಪೈಪು ಕೆರೆಯುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು. ಹುಡುಗರಾಗಿದ್ದಾಗ ಬೆಟ್ಟದ ಮೇಲೆ ಒಟ್ಟಿಗೆ ಆಡು ಕಾದವರು. ಓಮುಂಡ್ ತಲೆಯೆತ್ತಿ ನಕ್ಕ. ಒಳ್ಳೆಯ ನಗುವೇ.

"ಓಹೋ, ಅಸ್ಲಾಕ್. ಏನಪ್ಪಾ, ಹುಲ್ಲೆಲ್ಲ ಒಳಗೆ ಬಂತಾ?"

"ಬಂತು ಧಣಿ."

"ಒಣಗಿತ್ತಾ?"

"ಕೊನೇದೆಲ್ಲ ನೆಂದೋಯ್ತು."

"ನಮ್ದು ಒಣಗಿತ್ತಪ್ಪ, ಪುಣ್ಯ" ಎಂದ ಓಮುಂಡ್. ತನ್ನ ಹುಲ್ಲು ಒಣಗಿದ್ದಕ್ಕೂ ಅವನ ಹುಲ್ಲು ನೆಂದದ್ದಕ್ಕೂ ಸಂಬಂಧವೇ ಇಲ್ಲವೆಂಬ ಧ್ವನಿ. ಅಣಕಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಅಸ್ಲಾಕನ ಕಿವಿ ಬಿಸಿಯಾಯಿತು.

ಬಂದ ಕೆಲಸವನ್ನು ಬಂದ ಕೂಡಲೆ ಹೇಳುವುದು ಅಲ್ಲಿ ಒರಟುತನ. ಹೊಳೆಯ ನೀರಿನ ಬಗ್ಗೆ, ಕುದುರೆಯ ಕಾಲುಬಾವಿನ ಬಗ್ಗೆ, ಈ ಸಲ ಬೇಗ ಬೀಳಬಹುದಾದ ಹಿಮದ ಬಗ್ಗೆ ಮಾತಾಯಿತು. 'ಮುಂದೆ ಬಾ' ಎಂಬ ಮಾತು ಮಾತ್ರ ಬರಲಿಲ್ಲ. ಕೊನೆಗೆ ಅಸ್ಲಾಕ್ ಹೊರಡುವವನ ಹಾಗೆ ಬಾಗಿಲಿನ ಕಡೆ ಅರ್ಧ ತಿರುಗಿ, ಆಗಷ್ಟೆ ನೆನಪಾದಂತೆ, ಹೇಳಿದ. ಮಗಳು ಓದಲು ಹೋಗುತ್ತಿದ್ದಾಳೆ. ಶನಿವಾರ ಹೆಸರು ಬರೆಸಬೇಕು. ಅಜ್ಜ ಈ ಮನೆಯಲ್ಲಿದ್ದವನು. ಹೌಗ್ಲಾಂಡ್ ಎಂದು ಬರೆಸಿದರೆ ಧಣಿಗೆ ಏನಾದರೂ ಅಡ್ಡಿಯೇ? ಕಡೆಗೂ ಅದು ಬೇಡುವವನ ಧ್ವನಿಯಲ್ಲೂ ಬರಲಿಲ್ಲ, ಹಕ್ಕಿನವನ ಧ್ವನಿಯಲ್ಲೂ ಬರಲಿಲ್ಲ. ಯಾರದೋ ಸುದ್ದಿ ಹೇಳಿದ ಹಾಗೆ ಬಂತು.

"ಹೌಗ್ಲಾಂಡ್!" ಎಂದ ಓಮುಂಡ್. "ನೀನು!" ಪೈಪನ್ನು ಮೇಜಿನ ಮೇಲಿಟ್ಟು ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದ.

"ತಗೋಳೋ" ಎಂದ. "ಹೆಸರೇನು ಹಸುವಾ, ಕೊಟ್ರೆ ಕೊಟ್ಟಿಗೆ ಖಾಲಿ ಆಗೋಕೆ? ತಗೋ. ನಿನ್ನ ಮಗಳು ಜಾಣೆ ಅಂತ ಪಾದ್ರಿನೂ ಹೇಳ್ತಿದ್ರು. ಉಪವಾಸ ಅಂತ ಇಟ್ಕೊಂಡು ಪಾಠ ಹೇಳೋಕಾಗುತ್ತಾ ಪಾಪ."

ಅಸ್ಲಾಕ್ ಉಪಕಾರವಾಯಿತು ಎನ್ನಲು ಬಾಯಿ ತೆರೆದ.

"ನೋಡಿದ್ಯಾ ಹೆಂಗಿದೆ!" ಓಮುಂಡನಿಗೆ ತನ್ನದೇ ಮಾತು ರುಚಿಸಿತ್ತು. "ನಮ್ಮಜ್ಜ ನಿಮ್ಮಜ್ಜನಿಗೆ ಒಂದು ಹೆಸರು ಕೊಟ್ಟ. ಈಗ ನಾನು ನಿನಗೊಂದು ಕೊಡ್ತಿದೀನಿ. ಅಂತೂ ನಿಮ್ಮನೆಗೆ ಹೆಸರು ಹೋಗೋದು ನಮ್ಮನೆಯಿಂದ್ಲೇ!"

ಅಸ್ಲಾಕ್ ತೆರೆದ ಬಾಯಿ ಮುಚ್ಚಿದ.

"ಆದ್ರೆ ಒಂದು ಮಾತು. ನಾನು ಕೊಟ್ಟೆ ಅಂತ ಊರೆಲ್ಲ ಡಂಗುರ ಹೊಡೀಬೇಡ. ಆಮೇಲೆ ಜೌಗಿನ ಪಕ್ಕದೋರು, ಗಿರಣಿ ಹತ್ರದೋರು, ಎಲ್ಲ ಏರಿ ಬರ್ತಾರೆ. ಅಷ್ಟೊಂದು ಹೌಗ್ಲಾಂಡ್ ಇಟ್ಕೊಂಡು ನಾನೇನು ಮಾಡ್ಲಿ? ಶನಿವಾರ ಹೋಗು, ಸುಮ್ನೆ ಬರೆಸು, ಸುಮ್ನೆ ಬಾ. ಲೆನ್ಸ್‌ಮನ್ ನನ್ನ ಕೇಳಿದ್ರೆ ಹ್ಞೂಂ ಅಂತೀನಿ."

ಆಗಲೇ ಊಟದ ಗಂಟೆ ಬಾರಿಸಿತು. ಅಂಗಳದಲ್ಲಿ ಮರದ ಮೆಟ್ಟುಗಳ ಸದ್ದು. ಆಳುಗಳು, ಮನೆಯ ಹೆಂಗಸರು, ಕೈ ಒರೆಸಿಕೊಳ್ಳುತ್ತ ಒಬ್ಬೊಬ್ಬರಾಗಿ ಬಂದು, ಬಾಗಿಲ ಬಳಿ ನಿಂತ ಅಸ್ಲಾಕನನ್ನು ಬಳಸಿಕೊಂಡು, ತೊಲೆಯಡಿ ಹಾದು ಮೇಜಿಗೆ ಹೋದರು. ಗಂಜಿಯ ಪಾತ್ರೆ ಬಂತು.

"ಏನಂತೆ ಅಸ್ಲಾಕ್‌ದು?" ಎಂದು ಓಮುಂಡನ ಹೆಂಡತಿ ಕೇಳಿದಳು.

"ಏನಿಲ್ಲ" ಎಂದ ಓಮುಂಡ್ ಚಮಚ ಎತ್ತಿಕೊಳ್ಳುತ್ತ. "ಬಾರ್ಲಿ ಕೊಯ್ಲು ಯಾವಾಗ ಅಂತ ಕೇಳೋಕೆ ಬಂದಿದಾನೆ. ಸೋಮವಾರ ಕಣಪ್ಪ, ಸೋಮವಾರದಿಂದ."

ಗಂಜಿ ಬಡಿಸುತ್ತಿದ್ದ ಹುಡುಗಿ ಇತ್ತ ತಿರುಗಿದಳು. "ಗಂಜಿ ಕುಡೀತೀಯಾ ಅಸ್ಲಾಕಣ್ಣ?"

"ಬೇಡಮ್ಮ."

"ಒಂಚೂರು?"

"ಬೇಡ ಬೇಡ. ಮನೇಲಿದೆ."

ಆ ಕಣಿವೆಯಲ್ಲಿ ಹೊಟ್ಟೆ ಬೆನ್ನಿಗೆ ಅಂಟಿದ್ದರೂ ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲ ಕರೆದಾಗ ಹೋಗಬೇಕು. ಮೂರನೆಯ ಸಲ ಕರೆಯುವುದು ಬಡಿಸುವ ಹುಡುಗಿಯ ಕೆಲಸವಲ್ಲ, ಮನೆಯ ಯಜಮಾನನದು. ಹುಡುಗಿ ಓಮುಂಡನ ಮುಖ ನೋಡಿದಳು. ಅಸ್ಲಾಕನೂ ನೋಡಿದ. ಓಮುಂಡ್ ಚಮಚದ ಗಂಜಿಯನ್ನು ಊದುತ್ತಿದ್ದ.

"ಬಿಡಮ್ಮ" ಎಂದ ಒಬ್ಬ ಆಳು. "ಸ್ವೆಲ್ಟಾದೋರಿಗೆ ಹಸಿವೇ ಆಗಲ್ಲ. ಮೂರು ತಲೆಮಾರಿಂದ ಅಭ್ಯಾಸ ಆಗ್ಬಿಟ್ಟಿದೆ."

ಮೇಜಿನ ಸುತ್ತ ನಗು ಹರಡಿತು. ಓಮುಂಡನೂ ಮುಗುಳ್ನಕ್ಕ. ಈಗ ತಾನೆ, ಅದೇ ಬಾಯಿಂದ, ಹೌಗ್ಲಾಂಡ್ ತಗೋ ಎಂದಿದ್ದವನು. ಅವನು ಕೆಟ್ಟವನಾಗಿದ್ದರೆ ಅಸ್ಲಾಕನಿಗೆ ಸುಲಭವಾಗುತ್ತಿತ್ತು. ಅವನು ಮರೆತಿದ್ದ, ಅಷ್ಟೆ. ಕೊಟ್ಟದ್ದು ಎಷ್ಟು ಸಣ್ಣದೆಂದರೆ ಗಂಜಿ ಊದುವಷ್ಟರಲ್ಲಿ ಮರೆತುಹೋಗುವಂಥದ್ದು.

ಅಸ್ಲಾಕ್ ಟೋಪಿ ಹಾಕಿಕೊಂಡು ಹೊರಬಿದ್ದ. ಬೆನ್ನ ಹಿಂದೆ ಚಮಚಗಳ ಸದ್ದು ಕೇಳುತ್ತಲೇ ಇತ್ತು.

ಇಳಿದಾರಿಯಲ್ಲಿ ಅವನು ತನ್ನಷ್ಟಕ್ಕೆ ಬೈದುಕೊಂಡ. ಓಮುಂಡನನ್ನು ಬೈದ, ಅವನ ಅಜ್ಜನನ್ನು ಬೈದ, ಆ ಆಳನ್ನು ಬೈದ. ಅಂಗಿಯ ಕೊರಳುಪಟ್ಟಿ ಬಿಚ್ಚಿಕೊಂಡ. ಮಗಳ ತರಬೇತಿ ಶಾಲೆಯ ಕಾಗದಗಳ ಮೇಲೆ ಹೌಗ್ಲಾಂಡ್ ಎಂದು ಬರೆದದ್ದನ್ನು ಕಣ್ಣ ಮುಂದೆ ತಂದುಕೊಂಡ. ಚೆನ್ನಾಗಿಯೇ ಕಂಡಿತು. ಅವಳು ಶಾಲೆಯಲ್ಲಿ ಆ ಹೆಸರು ಹೇಳುವಾಗಲೆಲ್ಲ ಮೇಲೆ ಆ ಮನೆಯಲ್ಲಿ ಒಬ್ಬ ಗಂಜಿ ಊದುತ್ತಿರುತ್ತಾನೆ. ನಾನು ಕೊಟ್ಟದ್ದು ಎಂದು ಒಳಗೊಳಗೇ ನಗುತ್ತಿರುತ್ತಾನೆ, ಅಥವಾ ನಗುವುದನ್ನೂ ಮರೆತಿರುತ್ತಾನೆ. ತಾರ್ಯೈ ಆ ಕಲ್ಲುಗುಡ್ಡೆಯಲ್ಲಿ ಎರಡು ಮಕ್ಕಳನ್ನು ಮಣ್ಣು ಮಾಡಿದ. ಆದರೂ ಗುಡ್ಡೆ ಬಿಟ್ಟು ಹೋಗಲಿಲ್ಲ. ಒಂದು ಚಳಿಗಾಲ ಎಂದಿದ್ದರಲ್ಲ, ಎಂಬತ್ತು ಚಳಿಗಾಲ ಕಳೆದವು. ಸ್ವೆಲ್ಟಾ ಎಂಬ ತಮಾಷೆಯನ್ನು ಸುಳ್ಳು ಮಾಡಿ ತೋರಿಸಿದವರು ನಾವು. ಈಗ ಅದನ್ನು ಬಿಟ್ಟು ಇವರ ಇನ್ನೊಂದು ತಮಾಷೆಯನ್ನು ಹೊದ್ದುಕೊಳ್ಳಬೇಕೆ?

ಹೊಳೆಯ ಸೇತುವೆಯ ಹತ್ತಿರ ಇನ್ನೊಂದು ಯೋಚನೆ ಬಂತು. ತಾನು ಅಜ್ಜನ ಮಾನ ಕಾಯುತ್ತಿದ್ದೇನೆಯೋ, ಒಂದು ಬಟ್ಟಲು ಗಂಜಿಗೆ ಮುನಿಸಿಕೊಂಡಿದ್ದೇನೆಯೋ? ಅವನು ಆ ಯೋಚನೆಯನ್ನು ಮುಂದುವರಿಯಲು ಬಿಡಲಿಲ್ಲ.

ಮನೆಯಲ್ಲಿ ಇಬ್ಬರೂ ಕಾಯುತ್ತಿದ್ದರು. ಓಸ್ನೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ಎದ್ದು ನಿಂತಳು.

"ಏನಂದ?"

ಅಸ್ಲಾಕ್ ಬೆಂಚಿನ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದ. "ಬಾರ್ಲಿ ಸೋಮವಾರದಿಂದಂತೆ."

"ಬಾರ್ಲಿ ಯಾರು ಕೇಳಿದ್ರು ಈಗ? ಹೆಸರಿನ ವಿಷ್ಯ ಏನಂದ?"

ದಾರದ ಗಂಟು ಬಿಗಿಯಾಗಿತ್ತು. ಅಸ್ಲಾಕ್ ಅದನ್ನು ಉಗುರಿನಿಂದ ಎಬ್ಬುತ್ತಲೇ ಇದ್ದ. ಹ್ಞೂಂ ಅಂದ ಎಂದರೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಇವಳು ಓಡಿ ಹೋಗುತ್ತಾಳೆ, ಉಪಕಾರವಾಯಿತು ಎನ್ನಲು. ಅದೇ ಬಾಗಿಲಲ್ಲಿ, ಅದೇ ತೊಲೆಯ ಈಚೆ, ಕೈ ಕಟ್ಟಿಕೊಂಡು ನಿಲ್ಲುತ್ತಾಳೆ. ಓಮುಂಡ್ ತೊಡೆ ತಟ್ಟಿಕೊಳ್ಳುತ್ತಾನೆ.

"ಅಮ್ಮ, ನೋಡು ಅಪ್ಪನ ಮುಖ" ಎಂದಳು ಓಸ್ನೆ. "ಕೊಡಲ್ಲ ಅಂದಿದಾನೆ!"

ಅಸ್ಲಾಕ್ ತಲೆ ಎತ್ತಲಿಲ್ಲ.

"ಅವನ ಹೊಟ್ಟೆಗೆ ಬೆಂಕಿ ಬೀಳಾ!" ಕೈಯಲ್ಲಿದ್ದ ಆಲೂಗಡ್ಡೆ ಬಕೆಟ್ಟಿಗೆ ಬಿತ್ತು. "ಇವರ ಹುಲ್ಲು ಕೊಯ್ಯೋಕೆ ನಾವು ಬೇಕು, ಗೊಬ್ಬರ ಹೊರೋಕೆ ನಾವು ಬೇಕು. ಮೂರು ಅಕ್ಷರ ಕೊಡೋಕೆ ಕೈ ಬರಲ್ಲ! ನೀನೇನಂದೆ? ಸುಮ್ನೆ ಬಂದ್ಯಾ? ಸುಮ್ನೇ ಬಂದಿರ್ತೀಯ. ಯಾವತ್ತು ಬಾಯಿ ಬಿಟ್ಟಿದೀಯ ನೀನು ಅಲ್ಲಿ?"

"ಓಸ್ನೆ" ಎಂದಳು ಗುನ್ಹಿಲ್ಡ್.

"ಏನ್ ಓಸ್ನೆ? ನಾನೇ ಹೋಗ್ತೀನಿ. ಮುಖಕ್ಕೆ ಉಗಿದು ಬರ್ತೀನಿ."

"ಹೋಗ್ಬೇಡ!" ಅಸ್ಲಾಕ್ ಇದ್ದಕ್ಕಿದ್ದಂತೆ ಕಿರುಚಿದ. ಆ ಮನೆಯಲ್ಲಿ ಅಂಥ ಧ್ವನಿ ಕೇಳಿ ಯಾರಿಗೂ ಅಭ್ಯಾಸವಿರಲಿಲ್ಲ. "ಆ ಮನೆ ಬಾಗಿಲಿಗೆ ನೀನು ಹೋಗಕೂಡದು. ಯಾವತ್ತೂ."

ಒಲೆಯ ಮೇಲೆ ನೀರು ಕುದಿಯುವ ಸದ್ದು.

"ಹಾಗಾದ್ರೆ ಸೂಲ್ಬೆರ್ಗ್ ಬರೆಸು" ಎಂದಳು ಓಸ್ನೆ, ಈಗ ಮೆಲ್ಲಗೆ. "ಸುಳ್ಳಾದ್ರೆ ಸುಳ್ಳು. ಏನಾದ್ರೂ ಬರೆಸು ಅಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

"ಸ್ವೆಲ್ಟಾ" ಎಂದ ಅಸ್ಲಾಕ್. "ನಮ್ಮಜ್ಜ ಇಲ್ಲಿ ಉಪವಾಸ ಸಾಯ್ಲಿಲ್ಲ."

"ಸಾಯ್ಲಿಲ್ಲ, ಸರಿ. ಕ್ಲಾಸ್ ಮುಂದೆ ನಿಲ್ಲೋದು ನಿಮ್ಮಜ್ಜ ಅಲ್ವಲ್ಲ. ನಾನು." ಅವಳು ಬಾಗಿಲು ಬಡಿದುಕೊಂಡು ಹೊರಗೆ ಹೋದಳು.

ಗುನ್ಹಿಲ್ಡ್ ಬಕೆಟ್ಟಿನಿಂದ ಆಲೂಗಡ್ಡೆ ಎತ್ತಿ, ಒರೆಸಿ, ಗಂಡನನ್ನು ನೋಡಿದಳು. ಅವಳು ಏನಾದರೂ ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ. ಅವಳು ಕೇಳಲಿಲ್ಲ. ಮತ್ತೆ ಸುಲಿಯತೊಡಗಿದಳು.

ಶನಿವಾರ ಸಭಾಮನೆಯಲ್ಲಿ ನೂಕುನುಗ್ಗಲಿತ್ತು. ಹೊಸ ಹೆಸರುಗಳನ್ನು ಜನ ಬಾಯಲ್ಲಿ ಹೊರಳಿಸಿ ನೋಡುತ್ತಿದ್ದರು, ಒಬ್ಬರ ಹೆಸರಿಗೆ ಇನ್ನೊಬ್ಬರು ನಗುತ್ತಿದ್ದರು. ಲೆನ್ಸ್‌ಮನ್ನಿನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಅಸ್ಲಾಕ್. ಹೌಗ್ಲಾಂಡಿಗೆ ಹೋಗಿದ್ದೆಯಂತೆ?"

"ಬಾರ್ಲಿ ವಿಷ್ಯಕ್ಕೆ."

"ಹ್ಞಾಂ. ಏನಂತ ಬರೀಲಿ?"

"ಸ್ವೆಲ್ಟಾ."

ಲೆನ್ಸ್‌ಮನ್ ಪೆನ್ನು ಎತ್ತಿ ಹಿಡಿದ. "ಬೇರೆ ಯಾವ್ದೂ ಇಲ್ವೇನಪ್ಪ? ಓದೋ ಹುಡುಗಿ ಇರೋ ಮನೆ. ಒಂದ್ಸಲ ಬರೆದ್ರೆ ಆಯ್ತು, ಆಮೇಲೆ ಅಳಿಸೋಕೆ ನಂಗೂ ಬರಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಅಸ್ಲಾಕ್ ಹಿಂದಿರುಗಿ ನೋಡಿದ. ನಗು ನಿಂತಿತು.

"ಬರೀರಿ" ಎಂದ.

ಸೋಮವಾರ ಬಾರ್ಲಿ ಹೊಲದಲ್ಲಿ ಓಮುಂಡ್ ಸಾಲು ದಾಟಿಕೊಂಡು ಅವನಿದ್ದಲ್ಲಿಗೆ ಬಂದ. ಹತ್ತಿರ ಬೇರೆ ಯಾರೂ ಇರಲಿಲ್ಲ.

"ಬರೆಸ್ಲಿಲ್ವಂತೆ."

"ಇಲ್ಲ."

"ನಾನು ಕೊಟ್ಟಿದ್ದೆ."

"ಕೊಟ್ಟಿದ್ರಿ."

"ಮತ್ತೆ? ನಮ್ಮನೆ ಹೆಸರು ನಿನಗೆ ಸಾಲದೇ ಹೋಯ್ತಾ?" ಓಮುಂಡನ ಕೆನ್ನೆ ಕೆಂಪಾಗಿತ್ತು. ಅವನಿಗೆ ನೋವಾದದ್ದು ಕಾಣುತ್ತಿತ್ತು. ತಾನು ಕೊಟ್ಟದ್ದನ್ನು ಯಾರೋ ನಡುದಾರಿಯಲ್ಲಿ ಎಸೆದುಹೋದದ್ದು ಕಣ್ಣಿಗೆ ಬಿದ್ದ ಹಾಗೆ. ಏನು ತಪ್ಪಾಯಿತೆಂದು ಅವನು ನಿಜವಾಗಿಯೂ ಹುಡುಕುತ್ತಿದ್ದ. ಅಸ್ಲಾಕ್ ಹೇಳಬಹುದಿತ್ತು. ಕುಡುಗೋಲು ತೆಗೆದುಕೊಂಡು ಮುಂದಿನ ಹಿಡಿ ಕೊಯ್ದ.

"ಹಾಳಾಗ್ಹೋಗು" ಎಂದ ಓಮುಂಡ್. ಆ ಮೇಲೆ ಹೆಸರಿನ ಮಾತು ಅವರಿಬ್ಬರ ನಡುವೆ ಬರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಎದುರಾದರೆ ಧಣಿ ಮುಖ ತಿರುಗಿಸುತ್ತಿದ್ದ. ಅದನ್ನು ನೋಡಿದ ಓಸ್ನೆಗೆ ತಾನು ತಿಳಿದದ್ದೇ ಸರಿಯೆಂದು ಇನ್ನಷ್ಟು ಗಟ್ಟಿಯಾಯಿತು.

ಅವಳು ಓದಿದಳು, ಸಮುದ್ರದ ಕಡೆಯ ಒಂದು ಪಟ್ಟಣದಲ್ಲಿ ಶಿಕ್ಷಕಿಯಾದಳು. ಮೊದಲ ವರ್ಷ ಮಕ್ಕಳು ನಕ್ಕರು, ಅವಳು ಹೆದರಿದ್ದ ಹಾಗೆಯೇ. ಎರಡನೆಯ ವರ್ಷದಿಂದ ಅವಳು ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಸ್ವೆಲ್ಟಾ ಎಂದು ಬರೆದು, ಅದರ ಕಥೆಯನ್ನು ತಾನೇ ಹೇಳತೊಡಗಿದಳು. ಬಿಯರ್ ಕುಡಿದು ಹೆಸರಿಟ್ಟ ಧಣಿ, ತೊಗಟೆಯ ರೊಟ್ಟಿ, ಕಲ್ಲುಗುಡ್ಡೆ. ಕೊನೆಗೆ, ಬರಿ ಒಂದು ಹೆಸರು ಕೇಳಲು ಹೋದ ತನ್ನ ಅಪ್ಪನನ್ನು ಬರಿಗೈಯಲ್ಲಿ ಅಟ್ಟಿದ ಆ ಧಣಿಯ ಮೊಮ್ಮಗ. ಮೀನುಗಾರರ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರಂತೆ. ರಜೆಗೆ ಬಂದಾಗ ಅದನ್ನೆಲ್ಲ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಅಸ್ಲಾಕ್ ಕೇಳುತ್ತ ಕೂತಿರುತ್ತಿದ್ದ.

ಓಮುಂಡ್ ಒಂದು ಈಸ್ಟರ್ ಹಬ್ಬದ ಹೊತ್ತಿಗೆ ಸತ್ತ. ಓಸ್ನೆ ಊರಿನಲ್ಲಿದ್ದಳು. ಧಣಿಯ ಹೆಂಡತಿ ಆಳನ್ನು ಕಳಿಸಿ, ಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ಅಸ್ಲಾಕನೂ ಒಬ್ಬನಾಗಬೇಕೆಂದು ಕೇಳಿಕೊಂಡಳು. ಇಬ್ಬರೂ ಹುಡುಗರಾಗಿ ಒಟ್ಟಿಗೆ ಆಡು ಕಾದವರು ಎಂಬ ಮಾತನ್ನೂ ಸೇರಿಸಿ ಕಳಿಸಿದ್ದಳು. ಅಸ್ಲಾಕ್ ಕಪ್ಪು ಕೋಟು ತೆಗೆದು ಕೊಡವತೊಡಗಿದ.

"ಹೋಗ್ತೀಯಾ?" ಎಂದಳು ಓಸ್ನೆ. "ಅವನಿಗೆ ಹೆಗಲು ಕೊಡ್ತೀಯಾ?"

"ಕರೆದಿದಾರೆ."

"ಆ ಮನುಷ್ಯನ ಹತ್ರ ನೀನು ಜೀವನದಲ್ಲಿ ಕೇಳಿದ್ದು ಒಂದೇ ಒಂದು. ಅದನ್ನೂ ಕೊಡ್ಲಿಲ್ಲ ಅವನು. ನಾಚಿಕೆ ಆಗಲ್ವಾ ಅಪ್ಪ ನಿನಗೆ? ಸಿಟ್ಟಾದ್ರೂ ಬರಲ್ವಾ?"

ಸಿಟ್ಟು ಇತ್ತು. ಇಷ್ಟು ವರ್ಷವೂ ಇತ್ತು. ಮೊದಲು ಅದು ಯಾರ ಕಡೆ ತಿರುಗಿತ್ತೆಂದು ಅವನಿಗೆ ಗೊತ್ತಿತ್ತು. ಈಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಅಸ್ಲಾಕ್ ಮಗಳ ಮುಖ ನೋಡಿದ. ಬೋರ್ಡಿನ ಮುಂದೆ ನಿಂತು ಕಥೆ ಹೇಳುವಾಗಲೂ ಅವಳು ಹೀಗೆಯೇ ಕಾಣುತ್ತಾಳೇನೋ, ತಲೆಯೆತ್ತಿ, ಯಾರಿಗೂ ಬಗ್ಗದವಳ ಹಾಗೆ. ಅವನು ಕೋಟಿನ ಗುಂಡಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು, ಏರುದಾರಿ ಹಿಡಿದ.

ಓಮುಂಡ್ ಆ ದಿನ ಒಪ್ಪಿಕೊಂಡಿದ್ದ ಎಂಬುದನ್ನು ಅಸ್ಲಾಕ್ ಮಗಳಿಗೆ ಎಂದೂ ಹೇಳಲಿಲ್ಲ.